ಮಂಗರವಳ್ಳಿಗೆ ಬಂದ ನೋಟೀಸು

ಬಳ್ಳಿಗೆ ಅನುಮತಿ ಕೊಡುವ ಅಧಿಕಾರವಿಲ್ಲವೆಂದು ಕುಣಿಗಲ್ ಕಡೆಯ ಅರಣ್ಯ ಕಚೇರಿಯೊಂದು ತೊಂಬತ್ತೆಂಟನೇ ಇಸವಿಯಲ್ಲಿ ಲಿಖಿತವಾಗಿ ತಿಳಿಸಿತು. ತಿಳಿಸಿದ್ದು ಬಳ್ಳಿಗೇ.

ಆದದ್ದಿಷ್ಟೆ. ಬಚ್ಚಲಲ್ಲಿ ಜಾರಿ ನನ್ನ ಬಲಗೈ ಉಳುಕಿತು. ಮುದ್ದೆ ತಿರುವೋ ಕೈ. ನಮ್ಮ ಯಜಮಾನರು ಮುನಾವರ್ ಪಾಷಾ ತಿರುವಿದ ಮುದ್ದೆಯನ್ನು ಬೆಕ್ಕೂ ಮೂಸಲಿಲ್ಲ. ಕಾಡಿನ ಮದ್ದು ಬಲ್ಲ ಇರುಳಿಗರ ಕದರಯ್ಯನಿಗೆ ಹೇಳಿಕಳಿಸಿದೆ.

"ಮಂಗರವಳ್ಳಿ ಬಳ್ಳಿ ಅರೆದು ಕಟ್ಟಿದ್ರೆ ಮೂರೇ ದಿನ ಚಾಂದವ್ವ. ಆದ್ರೆ ಇವತ್ತು ಕೇಳ್ಬೇಕು, ನಾಳೆ ಕುಯ್ಬೇಕು," ಅಂದ.

ಅವರಲ್ಲಿ ಹಾಗೇ. ಸಂಜೆ ಬಳ್ಳಿಯ ಬುಡಕ್ಕೆ ಏಳು ಕಾಳು ಅಕ್ಕಿ ಇಟ್ಟು, "ಅವ್ವಾ, ಒಂದು ಗೇಣು ಕೊಡು" ಅಂತ ಕೇಳಬೇಕು. ಬೆಳಗ್ಗೆ ಇರುವೆಗಳು ಅಕ್ಕಿ ಹೊತ್ತಿದ್ದರೆ ಬಳ್ಳಿ ಒಪ್ಪಿದ ಹಾಗೆ.

ಬಳ್ಳಿ ಒಪ್ಪಿತು. ಗುಡ್ಡದ ಕಾವಲಿನವನು ಒಪ್ಪಲಿಲ್ಲ. ಕುಯ್ದ ಬಳ್ಳಿ ಸಮೇತ ಕದರಯ್ಯನನ್ನು ಕಚೇರಿಗೆ ತಂದು ನಿಲ್ಲಿಸಿದ.

"ಪರ್ಮಿಷನ್ ಎಲ್ಲಯ್ಯ?" ಅಂದರು ಸಾಹೇಬರು ಲಕ್ಷ್ಮೀನರಸಿಂಹಯ್ಯ.

"ತಗೊಂಡಿವ್ನಿ ಸ್ವಾಮಿ. ಬಳ್ಳೀನೇ ಕೊಡ್ತು."

"ನಾನಿರುವಾಗ ಅದು ಹ್ಯಾಗೆ ಕೊಡ್ತು?"

ಸಾಹೇಬರು ಕ್ರಮದ ಮನುಷ್ಯ. ಗೇಣು ಬಳ್ಳಿಯನ್ನು ಜಪ್ತಿ ಮಾಡಿ, ಗುಡ್ಡ ಹತ್ತಿ, ಬುಡದಲ್ಲಿ ಗೂಟ ನೆಟ್ಟು ನೋಟೀಸು ಅಂಟಿಸಿದರು: "ಅಧಿಕಾರವಿಲ್ಲದೆ, ಮೇಲಧಿಕಾರಿಗಳ ಗಮನಕ್ಕೂ ತಾರದೆ ಒಪ್ಪಿಗೆ ನೀಡಿರುವ ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು? ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು."

ಬಳ್ಳಿ ನೀಡಲಿಲ್ಲ. ನನ್ನ ಕೈ ಬದನೆಕಾಯಿಯಾಯಿತು. ಕಡತ ತುಮಕೂರಿಗೆ ಹೋಗಿ ಆದೇಶ ಹೊತ್ತು ಬಂತು: "ಬಳ್ಳಿಯ ಒಪ್ಪಿಗೆ ಊರ್ಜಿತ. ಆದರೆ ಏಳು ಕಾಳು ಸರ್ಕಾರದ ಘನತೆಗೆ ಸಾಲದು. ಇನ್ನು ಮುಂದೆ ಐದು ಸೇರು ಇಡತಕ್ಕದ್ದು. ಇರುವೆಗಳು ಹೊತ್ತು ಉಳಿದದ್ದನ್ನು ಸಿಬ್ಬಂದಿ ಹೊರತಕ್ಕದ್ದು."

ಕೈ ಬೇಕಲ್ಲ, ಕೊಟ್ಟೆವು. "ಸೋನಾ ಮಸೂರಿ ಆದ್ರೆ ಇರುವೆಗೆ ಒಳ್ಳೇದಮ್ಮ," ಅಂದಳು ಗುಮಾಸ್ತೆ ವನಜಮ್ಮ. ಇರುವೆಗಳು ತಮ್ಮ ಏಳು ಕಾಳು ಹೊತ್ತವು. ಮಿಕ್ಕದ್ದಕ್ಕೆ ಸಿಬ್ಬಂದಿ ಚೀಲ ತಂದಿದ್ದರು.

ಕದರಯ್ಯ ಹೊಸ ಬಳ್ಳಿ ಕುಯ್ದು ಅರೆದು ಕಟ್ಟಿದ. ನಾಲ್ಕನೇ ದಿನ ಮುದ್ದೆ ತಿರುವಿದೆ. ಯಜಮಾನರು ಎರಡು ನುಂಗಿ, ಮೂರನೆಯದಕ್ಕೆ ತಟ್ಟೆ ಚಾಚಿದರು.

ಅಷ್ಟರಲ್ಲಿ ವನಜಮ್ಮ ಕಾಗದ ಹಿಡಿದು ಬಂದಳು. "ಕೈ ವಾಸಿಯಾಯ್ತು ಅಂತ ಬಳ್ಳಿಗೊಂದು ಸರ್ಟಿಫಿಕೇಟ್ ಕೊಡಿ. ಇಲ್ಲಾಂದ್ರೆ ಅದರ ಮೇಲಿನ ಕೇಸು ಮುಚ್ಚಲ್ಲ."

"ನಂಗೆ ಓದೋಕೆ ಬರಲ್ಲ ಕಣಮ್ಮ."

"ಬಳ್ಳಿಗೂ ಬರಲ್ಲ. ಒತ್ತಿ."

ವಾಸಿಯಾದ ಕೈಯ ಹೆಬ್ಬೆಟ್ಟೇ ಆಗಬೇಕಂತೆ, ಒತ್ತಿದೆ. ಎಲ್ಲರೂ ಗುಡ್ಡ ಹತ್ತಿದೆವು. ಸಾಹೇಬರು ಬಳ್ಳಿಯ ಮುಂದೆ ನಿಂತು ಗಟ್ಟಿಯಾಗಿ ಓದಿದರು. ಕದರಯ್ಯ ಕೈಮುಗಿದ, ನಾನೂ ಮುಗಿದೆ, ನೋವಿರಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡು ಐದು ನಿಮಿಷ ಕಾದು, ಕೆಳಗೆ ಬರೆದರು: "ಬಳ್ಳಿಯ ಕಡೆಯಿಂದ ಆಕ್ಷೇಪಣೆ ಇಲ್ಲ."