ಶನಿವಾರ ಭಾನುವಾರ ನಾನು ಯಾರ ಲೆಕ್ಕ?

ಕುತೂಹಲದಲ್ಲಿ ಎರಡು ಬಗೆ. ಒಂದರಿಂದ ಜನಕ್ಕೆ ಉಪಯೋಗವಾಗುತ್ತದೆ, ನನ್ನದು ಇನ್ನೊಂದು. ರೈಲು ಎರಡು ನಿಲ್ದಾಣಗಳ ನಡುವೆ ನಿಂತುಬಿಟ್ಟರೆ ಉಳಿದವರೆಲ್ಲ ಗಡಿಯಾರ ನೋಡಿಕೊಳ್ಳುತ್ತಾರೆ. ನಾನು ಮಾತ್ರ ಈಗ ನಾವು ಯಾವ ಊರಿಗೆ ಸೇರಿದವರು ಎಂದು ಯೋಚಿಸುತ್ತೇನೆ. ಮೈಸೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದಾಗ ಈ ಗುಣಕ್ಕೆ ಅಷ್ಟಿಷ್ಟು ಮರ್ಯಾದೆ ಇತ್ತು. ಹುಡುಗರು ಕೇಳದ ಪ್ರಶ್ನೆಗಳನ್ನು ನಾನೇ ಕೇಳಿ, ನಾನೇ ಉತ್ತರ ಹೇಳಿ, ಬೆಲ್ ಹೊಡೆಯುವ ತನಕ ಕಾಲ ತಳ್ಳುತ್ತಿದ್ದೆ. ಹೆಂಡತಿ ವಿದ್ಯಾಗೆ ನೆದರ್ಲೆಂಡ್ಸಿನಲ್ಲಿ ಕೆಲಸ ಸಿಕ್ಕಿ ನಾವು ವೆಲ್ಡ್‌ಹೋವನ್ನಿಗೆ ಬಂದ ಮೇಲೆ ನನ್ನ ಪ್ರಶ್ನೆಗಳನ್ನೆಲ್ಲ ಅವಳೊಬ್ಬಳೇ ಸಹಿಸಿಕೊಳ್ಳಬೇಕಾಗಿದೆ.

ಇಲ್ಲಿ ನನ್ನ ಹುದ್ದೆ ಡಿಪೆಂಡೆಂಟ್, ಅಂದರೆ ಅವಲಂಬಿತ. ಕಂಪನಿಯವರು ಕೆಲಸಕ್ಕೆಂದು ಕರೆಸಿಕೊಂಡದ್ದು ವಿದ್ಯಾಳನ್ನು. ಅವಳ ವೀಸಾದ ಸೆರಗು ಹಿಡಿದುಕೊಂಡು ಬಂದವರು ನಾನು ಮತ್ತು ನಮ್ಮ ಮಗಳು ಇಂಚರ. ನಾನು ಅಡುಗೆ ಮಾಡುತ್ತೇನೆ, ಸಂಜೆ ನಾಲ್ಕು ಮಕ್ಕಳಿಗೆ ಆನ್‌ಲೈನಿನಲ್ಲಿ ಲೆಕ್ಕ ಹೇಳಿಕೊಡುತ್ತೇನೆ, ಕಸದ ಯಾವ ಡಬ್ಬಿ ಯಾವ ದಿನ ಹೊರಗಿಡಬೇಕೆಂದು ಬಾಯಿಪಾಠ ಒಪ್ಪಿಸಬಲ್ಲೆ. ಕಳೆದ ಸಲ ಊರಿಗೆ ಹೋದಾಗ ಸೋದರಮಾವ, "ಅಲ್ಲೇನ್ ಕೆಲ್ಸ ಮಾಡ್ಕೊಂಡಿದೀಯೋ?" ಎಂದು ಕೇಳಿದರು. "ಡಿಪೆಂಡೆಂಟ್ ಆಗಿದೀನಿ ಮಾವ" ಎಂದೆ. ಅವರು ಕಾಫಿ ಲೋಟ ಕೆಳಗಿಟ್ಟು ಗಂಭೀರವಾಗಿ ಕೇಳಿದರು, "ಪರ್ಮನೆಂಟಾ?"

ಆ ಪ್ರಶ್ನೆಗೆ ಉತ್ತರ ಹೇಳಬೇಕಾದ ಕಾಲ ಈ ವರ್ಷ ಬಂತು. ವಿದ್ಯಾಳ ಕಂಪನಿಯಲ್ಲಿ ಹೊಸ ಮ್ಯಾನೇಜರ್ ಬಂದಂದಿನಿಂದ ಅವಳ ನಗು ಕಡಿಮೆಯಾಗಿತ್ತು. ಊಟಕ್ಕೆ ಕೂತರೆ ಸಾರಿನಲ್ಲಿ ಉಪ್ಪಿದೆಯೋ ಇಲ್ಲವೋ ಎಂಬುದೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಒಂದು ದಿನವಂತೂ ನಾನು ನಿಜಕ್ಕೂ ಉಪ್ಪು ಹಾಕುವುದನ್ನು ಮರೆತಿದ್ದೆ. ಅವಳು ಸುಮ್ಮನೆ ಉಂಡು ಎದ್ದಳು. ನನಗೆ ಭಯವಾದದ್ದು ಆವತ್ತು. ಹಾಗಾಗಿ ಪಕ್ಕದ ಊರಿನ ಒಂದು ಚಿಕ್ಕ ಕಂಪನಿ ಅವಳನ್ನು ಕರೆದಾಗ ಅವಳಿಗಿಂತ ಹೆಚ್ಚು ಕುಣಿದವನು ನಾನೇ. ಈ ದೇಶದಲ್ಲಿರಲು ಕೊಟ್ಟಿದ್ದ ನಮ್ಮ ಕಾರ್ಡುಗಳ ಅವಧಿಯೂ ಮುಗಿಯುತ್ತ ಬಂದಿತ್ತು. ಅವಳ ಅರ್ಜಿಯ ಜೊತೆಯಲ್ಲೇ ನನ್ನದನ್ನೂ ಇಂಚರಳದ್ದನ್ನೂ ಹೊಸ ಕಂಪನಿಯವರೇ ಕಳಿಸುತ್ತೇವೆಂದರು.

"ನಿಮ್ಮಿಬ್ರ ಪೇಪರ್ಸ್ ಸರಿಯಾಗಿ ಹೋಗೋ ತನಕ ನಾನು ರಿಸೈನ್ ಮಾಡಲ್ಲ ರೀ" ಎಂದಳು ವಿದ್ಯಾ.

"ಪೇಪರ್ಸ್ ನಂಗೆ ಬಿಡು. ಶುಕ್ರವಾರ ನೀನು ಲೆಟರ್ ಕೊಡು, ಅಷ್ಟೇ" ಎಂದೆ ನಾನು, ಎದೆಯುಬ್ಬಿಸಿ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ನನ್ನ ತಲೆಯೊಳಗೆ ಹುಳ ಹೊಕ್ಕಿತು. ಹಳೆಯ ಕಂಪನಿಯಲ್ಲಿ ಅವಳ ಕೊನೆಯ ದಿನ ಒಂದು ಶುಕ್ರವಾರ. ಹೊಸದಕ್ಕೆ ಸೇರುವುದು ಸೋಮವಾರ. ಹಾಗಾದರೆ ನಡುವಿನ ಶನಿವಾರ ಭಾನುವಾರ ನಾನು ಯಾರನ್ನು ಅವಲಂಬಿಸಿದ್ದೇನೆ? ಹಳೆಯ ಕಂಪನಿ ಕೈಬಿಟ್ಟಾಗಿದೆ, ಹೊಸದು ಇನ್ನೂ ಕೈಹಿಡಿದಿಲ್ಲ. ಆ ಎರಡು ದಿನ ನಾನು ಯಾರ ಲೆಕ್ಕ? ವಿದ್ಯಾಳನ್ನು ಕೇಳಿದೆ. "ಮೊದ್ಲು ಫಾರಂ ತುಂಬ್ಸಿ" ಎಂದಳು. ಪಕ್ಕದ ಮನೆಯ ಹೆಂಕ್ ತಾತನನ್ನು ಬೇಲಿಯ ಮೇಲಿಂದಲೇ ಕೇಳಿದೆ. ಅವರು ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿ, ಬಹಳ ಯೋಚಿಸಿ, ವೀಕೆಂಡಿನಲ್ಲಿ ಅಂಥದ್ದನ್ನೆಲ್ಲ ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ ಎಂದರು. ಇಂಚರಳನ್ನು ಕೇಳಿದೆ. "ಪಪ್ಪಾ, ಯು ಆರ್ ಸೋ ವಿಯರ್ಡ್" ಎಂದು ಸೈಕಲ್ ಹತ್ತಿ ಹೋದಳು.

ಫಾರಮನ್ನು ಮಾತ್ರ ಶ್ರದ್ಧೆಯಿಂದ ತುಂಬಿಸಿದೆ. ಮದುವೆ ಸರ್ಟಿಫಿಕೇಟು, ಪಾಸ್‌ಪೋರ್ಟು ಎಲ್ಲದರ ಪ್ರತಿ ಜೋಡಿಸಿದೆ. ಎಲ್ಲ ಮುಗಿದ ಮೇಲೆ ಕೈ ಸುಮ್ಮನಿರಲಿಲ್ಲ. ನಮ್ಮಮ್ಮ ನನ್ನ ಎಸೆಸೆಲ್ಸಿ ಹಾಲ್ ಟಿಕೆಟ್ಟಿನಿಂದ ಹಿಡಿದು ಕೆಲಸದ ಅರ್ಜಿಗಳ ತನಕ ಯಾವ ಕಾಗದವನ್ನೂ ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚದೆ ಹೊರಗೆ ಬಿಟ್ಟವರಲ್ಲ. ಕೆಮಿಸ್ಟ್ರಿ ಓದಿದ ನಾನು ಇದನ್ನು ನಂಬುತ್ತೇನೆಯೇ ಎಂದು ಕೇಳಬೇಡಿ. ನಂಬುವುದಿಲ್ಲ, ಆದರೆ ಬಿಡುವ ಧೈರ್ಯವೂ ಇಲ್ಲ. ಬೆರಳು ಒದ್ದೆ ಮಾಡಿಕೊಂಡು, ಮೇಲೆಯೇ ಇದ್ದ ನನ್ನ ಹಾಳೆಯ ಮೂಲೆಗಳಿಗೆ ಹಚ್ಚಿ, ದೇವರ ಮುಂದೆ ಐದು ನಿಮಿಷ ಇಟ್ಟು, ಸ್ಕ್ಯಾನ್ ಮಾಡಿ ಕಳಿಸಿದೆ.

ಗುರುವಾರ ವಿದ್ಯಾ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಮಧ್ಯಾಹ್ನ ಅವಳಿಗೆ ಹೊಸ ಕಂಪನಿಯ ಎಚ್‌ಆರ್‌ನ ಅನ್ನೆಕೆ ಎಂಬವರಿಂದ ಮೇಲ್ ಬಂತು. ಬಹಳ ಮರ್ಯಾದೆಯ, ಮೃದುವಾದ ಮೇಲ್. "ಪತಿಯವರು ಈಗ ನಿಮ್ಮ ಜೊತೆ ವಾಸವಾಗಿಲ್ಲ ಎಂಬುದನ್ನು ಗಮನಿಸಿದ್ದೇವೆ. ಈ ಕಷ್ಟದ ಸಮಯದಲ್ಲಿ ನಿಮಗೆ ಧೈರ್ಯ ಸಿಗಲಿ. ನಿಮ್ಮ ಮತ್ತು ಮಗಳ ಅರ್ಜಿಯನ್ನು ಮಾತ್ರ ಮುಂದುವರಿಸುತ್ತೇವೆ."

ನಾನು ಅಡುಗೆಮನೆಯಲ್ಲಿ, ಅವಳಿಂದ ಆರು ಅಡಿ ದೂರದಲ್ಲಿ, ಹುರುಳಿಕಾಯಿ ಹೆಚ್ಚುತ್ತಿದ್ದೆ. ಇಬ್ಬರೂ ಸ್ಕ್ಯಾನ್ ತೆಗೆದು ನೋಡಿದೆವು. ನಮ್ಮ ಮನೆಯ ಸ್ಕ್ಯಾನರಿಗೆ ಗೊತ್ತಿರುವುದು ಕಪ್ಪು ಬಿಳುಪು ಮಾತ್ರ. ಅರಿಶಿನ ಪೂರ್ತಿ ಮಾಯವಾಗಿತ್ತು. ಕುಂಕುಮ ಕಪ್ಪು ಗುರುತಾಗಿ ಮೂಡಿತ್ತು. ಬಲಗಡೆಯ ಕೆಳಮೂಲೆಯ ಗುರುತು ನೇರವಾಗಿ ಒಂದು ಚೌಕದೊಳಗೆ ಕೂತಿತ್ತು. ಚೌಕದ ಪಕ್ಕದ ಬರಹ ಹೀಗಿತ್ತು: "ಈ ವ್ಯಕ್ತಿ ಈಗ ನನ್ನೊಂದಿಗೆ ವಾಸವಿಲ್ಲ. ಅರ್ಜಿಯಿಂದ ಕೈಬಿಡಿ."

ವಿದ್ಯಾ ಬೈದಿದ್ದರೆ ಸುಲಭವಾಗುತ್ತಿತ್ತು. ಅವಳು ಲ್ಯಾಪ್‌ಟಾಪ್ ಮುಚ್ಚಿ, "ಬಿಡಿ. ಹಳೇ ಕಡೇನೇ ಇದ್ಬಿಡ್ತೀನಿ. ಹೇಗೂ ಅಭ್ಯಾಸ ಆಗಿದೆ" ಎಂದಳು. ಅವಳು ನನಗೆ ವಹಿಸಿದ್ದು ಒಂದೇ ಒಂದು ಕೆಲಸ, ಅದನ್ನೂ ಭಕ್ತಿಯಿಂದ ಕೆಡಿಸಿದ್ದೆ.

"ಫೋನ್ ಮಾಡು, ನಾನೇ ಮಾತಾಡ್ತೀನಿ" ಎಂದೆ.

ವೀಡಿಯೊ ಕಾಲಿನಲ್ಲಿ ಅನ್ನೆಕೆ ಕಾಣಿಸಿಕೊಂಡರು. ತೊರೆದುಹೋದ ಗಂಡ ಪಕ್ಕದಲ್ಲೇ ಅಪ್ರನ್ ಕಟ್ಟಿಕೊಂಡು ಕೂತಿರುವುದನ್ನು ಕಂಡು ಅವರು ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದರು. ನಾನು ಕುಂಕುಮದ ಬಟ್ಟಲನ್ನು ಕ್ಯಾಮೆರಾದ ಮುಂದೆ ಹಿಡಿದು ಎಲ್ಲ ವಿವರಿಸಿದೆ. "ಹಾಗಾದರೆ ಇದು ಒಳ್ಳೆಯದಾಗಲಿ ಎಂದು ಇಟ್ಟದ್ದೇ?" ಎಂದು ಕೇಳಿದರು. ಹೌದೆಂದೆ. ಅವರು ಬಹಳ ಹೊತ್ತು ನಕ್ಕು, ಇವತ್ತೇ ಇನ್ನೊಂದು ಹಾಳೆಗೆ ಸಹಿ ಮಾಡಿ ಕಳಿಸಿ, ನಾಳೆ ಬೆಳಿಗ್ಗೆ ಅರ್ಜಿ ಹೋಗುತ್ತದೆ, ಈ ಸಲ ಆಶೀರ್ವಾದ ಹಾಳೆಯ ಹೊರಗಿರಲಿ ಎಂದರು. ವಿದ್ಯಾ ಉಸಿರು ಬಿಟ್ಟಳು.

ಅಲ್ಲಿಗೇ ನಿಲ್ಲಿಸಬೇಕಿತ್ತು. "ಇನ್ನೊಂದು ಪ್ರಶ್ನೆ" ಎಂದೆ. ಮೇಜಿನ ಕೆಳಗೆ ವಿದ್ಯಾ ನನ್ನ ಕಾಲು ತುಳಿದಳು, ಆದರೂ ಕೇಳಿಬಿಟ್ಟೆ. ಅನ್ನೆಕೆ ಹುಬ್ಬು ಗಂಟಿಕ್ಕಿ ಫಾರಂ ನೋಡಿದರು. "ನಿಮ್ಮ ಹಾಳೆಯಲ್ಲಿ ಕಂಪನಿ ಎಲ್ಲಿದೆ? ನಿಮ್ಮ ಜವಾಬ್ದಾರಿ ಹೊತ್ತವರ ಜಾಗದಲ್ಲಿ ಇರುವುದು ನಿಮ್ಮ ಹೆಂಡತಿಯ ಹೆಸರು. ಶನಿವಾರ ಭಾನುವಾರ ನೀವು ಅವರನ್ನೇ ಅವಲಂಬಿಸಿರುತ್ತೀರಿ. ಉಳಿದ ಐದು ದಿನವೂ ಅಷ್ಟೇ." ಆ ಹೆಸರನ್ನು ನಾನೇ ನನ್ನ ಕೈಯಾರೆ ಬರೆದಿದ್ದೆ. ಇಷ್ಟು ವರ್ಷ ನಾನು ಕಂಪನಿಯ ಅವಲಂಬಿತ ಎಂದುಕೊಂಡು ಮನಸ್ಸಿನಲ್ಲೇ ಕೊಂಚ ಬೀಗುತ್ತಿದ್ದೆನಲ್ಲ!

ವಿದ್ಯಾ ಶುಕ್ರವಾರ ಲೆಟರ್ ಕೊಟ್ಟಳು. ತಿಂಗಳೊಪ್ಪತ್ತಿನಲ್ಲಿ ನಾನು ಕಾದಿದ್ದ ಆ ಶನಿವಾರವೂ ಬಂತು. ಅವಳು ಹತ್ತು ಗಂಟೆಯ ತನಕ ಮಲಗಿದ್ದಳು. ಎದ್ದವಳು ಸೋಫಾದಲ್ಲಿ ಕಾಲು ಚಾಚಿ, ಎರಡು ಲೋಟ ಕಾಫಿ ಕುಡಿದು, ಮಧ್ಯಾಹ್ನದ ಸಾರಿನ ಮೊದಲ ತುತ್ತಿಗೇ, "ಉಪ್ಪು ಜಾಸ್ತಿ ರೀ" ಎಂದಳು. ನನ್ನ ಕಣ್ಣು ತುಂಬಿ ಬಂತು. ಆ ಎರಡು ದಿನ ಅವಳು ಯಾವ ಕಂಪನಿಯವಳೂ ಆಗಿರಲಿಲ್ಲ. ನನಗೆ ಮಾತ್ರ ರಜೆಯಿರಲಿಲ್ಲ. ಸೋದರಮಾವನಿಗೆ ಫೋನ್ ಮಾಡಿ ಹೇಳಿದೆ, "ಪರ್ಮನೆಂಟೇ ಮಾವ."

ಸೋಮವಾರ ಬೆಳಿಗ್ಗೆ ಅವಳು ಹೊಸ ಕಂಪನಿಗೆ ಹೊರಡುವ ಮೊದಲು ಅವಳ ಸೈಕಲ್ಲಿಗೆ ಕುಂಕುಮ ಇಟ್ಟೆ. ಅದರಲ್ಲಿ ಎಲ್ಲೂ ಚೌಕವಿಲ್ಲವೆಂದು ಎರಡು ಸಲ ನೋಡಿಕೊಂಡೇ ಇಟ್ಟೆ.