ಒರಿಜಿನಲ್ ಪಿನ್‌ಬಾಲ್

ತರೀಕೆರೆಯಲ್ಲಿ ಕಟಿಂಗ್ ಶಾಪ್ ಇಟ್ಟಿದ್ದ ಹಾಲೇಶನ ಹೊಟ್ಟೆಯುರಿಗೆ ಕಾರಣ ಎದುರಿನ ಜಬೀವುಲ್ಲಾನ ಕಟಿಂಗ್ ಶಾಪಿಗೆ ಬಂದಿದ್ದ ಪಿನ್‌ಬಾಲ್ ಮಷೀನು. ಗಾಜಿನ ಕೆಳಗೆ ಉಕ್ಕಿನ ಗುಂಡು ಓಡುತ್ತದೆ. ತೂತಿಗೆ ಬೀಳದಂತೆ ಬಟನ್ ಒತ್ತಿ ಅದನ್ನು ಮೇಲಕ್ಕೆ ಒದೆಯಬೇಕು. ಕಟಿಂಗಿಗೆ ಬಂದವರಿಗೆ ಆಟ ಪುಕ್ಕಟೆ. ಎರಡು ತಿಂಗಳಿಂದ ಅಲ್ಲಿ ಕಾಲಿಡಲು ಜಾಗವಿಲ್ಲ.

ಹಾಲೇಶನ ಕೈ ಗಿರಾಕಿಯ ಮುಖದ ಮೇಲಿದ್ದರೂ ಕಣ್ಣು ಎದುರಂಗಡಿಯ ಮೇಲೆ. ಭಾನುವಾರ ಬೆಳಿಗ್ಗೆ ಅಲ್ಲಿಂದ 'ಹೋ' ಎಂಬ ಕೂಗೆದ್ದಾಗ, ಸೈಕಲ್ ಶಾಪಿನ ಶಿವಮೂರ್ತಪ್ಪನ ಅರ್ಧ ಮೀಸೆ ಹಾರಿಹೋಯಿತು.

"ಮೀಸೆ ಬೆಳೀತದೆ ಬಿಡೋ," ಎಂದ ಶಿವಮೂರ್ತಪ್ಪ. "ನೀನೂ ಒಂದು ತರೋದಲ್ವಾ? ಅಜ್ಜಂಪುರದಲ್ಲಿ ಮಷೀನು ಮಾರೋ ಅಶ್ಫಾಕ್ ಹತ್ರ ಎರಡು ಐತಂತೆ ಕಣೋ."

ಉಳಿದರ್ಧ ಮೀಸೆಯನ್ನೂ ಬೋಳಿಸಿ, ಅವನನ್ನು ಹಿಂದೆ ಕೂರಿಸಿಕೊಂಡು ಹಾಲೇಶ ಬೈಕ್ ಹತ್ತಿದ.

ಅಶ್ಫಾಕನ ಶೆಡ್ಡಿನಲ್ಲಿ ಎರಡೂ ಅಕ್ಕಪಕ್ಕ ನಿಂತಿದ್ದವು. ಅದೇ ಆಟ, ಅದೇ ಚಿತ್ರ. ಒಂದು ನಲವತ್ತು ವರ್ಷದ ಹಿಂದಿನ ಒರಿಜಿನಲ್. ಇನ್ನೊಂದು ಅದನ್ನೇ ನೋಡಿ ಹೋದ ವರ್ಷ ಮಾಡಿದ ರೀಮೇಕ್, ಮದುವೆ ಛತ್ರದಂತೆ ಝಗಮಗ.

"ಅಂಗಡಿಗೆ ರೀಮೇಕೇ ವಾಸಿ ಹಾಲೇಶಣ್ಣಾ. ಕೆಟ್ರೆ ಪಾರ್ಟ್ ಸಿಗ್ತದೆ," ಎಂದ ಅಶ್ಫಾಕ್.

ಹಾಲೇಶ ಒರಿಜಿನಲ್ಲಿನ ಬಟನ್ ಒತ್ತಿದ. ಗುಂಡಿನ ಪೆಟ್ಟು ಮೊಣಕೈವರೆಗೆ ಜುಮ್ಮೆಂದಿತು. ಒಳಗೆ ನಿಜವಾದ ಗಂಟೆ ಢಣ್ ಎಂದಿತು. ಒಂದು ಗಳಿಗೆ ಅವನಿಗೆ ಜಬೀವುಲ್ಲಾನೇ ಮರೆತುಹೋದ. ಮರುಗಳಿಗೆ ನೆನಪಾದ.

"ಜಬೀವುಲ್ಲಾದು ಯಾವ್ದು?"

"ರೀಮೇಕು. ನಾನೇ ಕೊಟ್ಟಿದ್ದು."

"ಹಂಗಾದ್ರೆ ಒರಿಜಿನಲ್ ಹೇರು!"

ಹೆಂಡತಿ ನಯನಳಿಗೊಂದು ಮಾತೂ ಹೇಳದೆ ದುಡ್ಡಿನ ಬದಲು ಬೈಕನ್ನೇ ಅಶ್ಫಾಕನಿಗೆ ಬಿಟ್ಟು, ಮಷೀನಿನೊಂದಿಗೆ ಲಗೇಜ್ ಆಟೊದಲ್ಲಿ ಬಂದ. ಮಷೀನು ಬಾಗಿಲಲ್ಲಿ ಸಿಕ್ಕಿಕೊಂಡಿತು. ಬಾಗಿಲು ಕಳಚಿದರು, ಕಾಯುವ ಬೆಂಚು ಬೀದಿಗೆ ಬಂತು, ದೊಡ್ಡ ಕನ್ನಡಿ ಎರಡು ಹೋಳಾಯಿತು.

ಆದರೂ ಮಧ್ಯಾಹ್ನದ ಹೊತ್ತಿಗೆ ಜಬೀವುಲ್ಲಾನ ಮಂದಿಯೆಲ್ಲ ಇಲ್ಲಿದ್ದರು. ಹಾಲೇಶ ಉಬ್ಬಿಹೋಗಿ ಬಟ್ಟೆ ಕೊಡವಿದ. "ಯಾರ್ದಪ್ಪಾ ಫಸ್ಟು?"

"ಅವನಿಗೆ ಮಾಡಣ್ಣ, ನನ್ನ ಆಟ ಮುಗೀಲಿ."

"ನಂಗ್ಯಾಕೆ? ಮುಂದಿನ ಪಾಳಿ ನಂದು ಕಣಣ್ಣ!"

ಕುರ್ಚಿಗೆ ಯಾರೂ ಬರಲಿಲ್ಲ. ಶಿವಮೂರ್ತಪ್ಪನಂತೂ ಮಷೀನು ಬಿಟ್ಟು ಅಲ್ಲಾಡಲಿಲ್ಲ. ಆಟಕ್ಕೆ ಕಾದು ಬೇಸತ್ತವರು ಮೆಲ್ಲಗೆ ಹೊರಗೆ ಹೋಗಿ, ಕತ್ತಿಗೆ ಪೌಡರ್ ಬಳಿಸಿಕೊಂಡು ಮರಳಿ ಬರುತ್ತಿದ್ದರು.

ಸಂಜೆ ಜಬೀವುಲ್ಲಾ ಅಂಗಿಗೆ ಮೆತ್ತಿದ್ದ ಕೂದಲು ಕೊಡವುತ್ತ ಬಂದು ಹಾಲೇಶನ ಎರಡೂ ಕೈ ಹಿಡಿದುಕೊಂಡ.

"ನಿಮ್ಮ ಉಪಕಾರ ಮರೆಯಲ್ಲ ಅಣ್ಣಾ. ಎರಡು ತಿಂಗಳಿಂದ ಬಂದೋರೆಲ್ಲ ಆಡೋರೇ, ಕುರ್ಚಿ ಮೇಲೆ ಕೂರೋರು ಒಬ್ರಿಲ್ಲ. ಕಟಿಂಗ್ ಬೇಕಾದೋರೆಲ್ಲ ನಿಮ್ಮತ್ರ ಬಂದ್ಬಿಡೋರು. ನೋಡಿ ನೋಡಿ ನನ್ನ ಹೊಟ್ಟೆ ಉರಿದುಹೋಗಿತ್ತು! ಇವತ್ತು ಹತ್ತೊಂಬತ್ತು ತಲೆ ಮಾಡ್ದೆ."

ಹಾಲೇಶ ತನ್ನ ಖಾಲಿ ಕುರ್ಚಿಯತ್ತ ತಿರುಗಿ ನೋಡಿದ.

"ನನ್ನ ಮಷೀನೂ ನೀವೇ ಇಟ್ಕೊಳಿ ಅಣ್ಣಾ, ಪುಕ್ಕಟೆ. ನಾಲ್ಕು ಜನ ಕೈ ಹಾಕಿದ್ರೆ ಈಗ್ಲೇ ಬರ್ತದೆ."

ಹಾಲೇಶ 'ಬೇಡ' ಎನ್ನುವಷ್ಟರಲ್ಲಿ ಹನ್ನೆರಡು ಜನ ಎದುರಂಗಡಿಗೆ ಓಡಿದ್ದರು.