ಕುದುರೆ ಇಳಿಯುವ ವಿದ್ಯೆ

ಏರುವುದನ್ನು ಕಲಿಸಲು ಎಲ್ಲರೂ ಮುಂದೆ ಬರುತ್ತಾರೆ. ಇಳಿಯುವುದನ್ನು ಕಲಿಸುವವರು ಮಾತ್ರ ಸಿಗುವುದಿಲ್ಲ. ಇದು ವೈರಾಗ್ಯದ ಮಾತಲ್ಲ, ಕುದುರೆಯ ಮಾತು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಹೊಸತು. ನಮ್ಮ ಚಿತ್ತಾಪುರದ ಕಡೆ ಮಳೆ ಬಿತ್ತೆಂದರೆ ಎರೆಮಣ್ಣು ಜೀಪನ್ನು ಬಿಡುವುದಿಲ್ಲ. ಅದಕ್ಕೇ ಮೇಲಿನವರು ಪ್ರಯೋಗಕ್ಕೆಂದು ಪೊಲೀಸರ ಕುದುರೆ ದಳ ಮಾಡಿದರು. "ಹಳ್ಳಿ ಮಂದಿಗಿ ಧೈರ್ಯ ಬರಬೇಕು ನೋಡ್ರಿ," ಎಂದರು ಠಾಣೆಯ ಅಮೀನ್ ಸಾಹೇಬರು. ಕಾಲು ಉದ್ದವಿದೆ ಎಂಬ ಒಂದೇ ಅರ್ಹತೆಯ ಮೇಲೆ ಪೇದೆಯಾಗಿದ್ದ ನಾನು ಸವಾರನಾದೆ. ಇನ್ನೊಬ್ಬ ಸವಾರ ಮೊದಲ ದಿನವೇ ಬಿದ್ದು ಸೊಂಟ ಹಿಡಿದುಕೊಂಡ. ನಾನು ಜಾಣ. ಠಾಣೆಯ ಕಟ್ಟೆಯಿಂದ ಹತ್ತುತ್ತಿದ್ದೆ, ತಿರುಗಿ ಬಂದು ಅದೇ ಕಟ್ಟೆಗೆ ಇಳಿಯುತ್ತಿದ್ದೆ. ನಡುವೆ ಏನೇ ಅವಸರವಾದರೂ ತಡೆದುಕೊಳ್ಳುತ್ತಿದ್ದೆ.

ಮೊದಲ ಗಸ್ತಿಗೆ ತೆಂಗಳಿಯನ್ನೇ ಆರಿಸಿಕೊಂಡೆ. ಅಲ್ಲಿ ನನ್ನ ಅಕ್ಕ ಗಂಗಮ್ಮ ತನ್ನ ಅತ್ತೆಯೊಂದಿಗೆ ಇದ್ದಳು. ಸಂಸ್ಥಾನ ಸೇರುವ ಮುಂಚಿನ ಹಾವಳಿಯ ವರ್ಷ ಕುದುರೆ ಮೇಲೆ ಬಂದವರು ಭಾವನನ್ನು ಎಳೆದೊಯ್ದಿದ್ದರು. ಭಾವ ತಿರುಗಿ ಬರಲಿಲ್ಲ. ತಮ್ಮನ ರುಮಾಲು, ಬೂಟು ನೋಡಿದರೆ ಆಕೆಗೆ ಸ್ವಲ್ಪ ಧೈರ್ಯ ಬಂದೀತು ಎಂದುಕೊಂಡಿದ್ದೆ. ಊರ ಹೆಬ್ಬಾಗಿಲಾದ ಅಗಸಿ ದಾಟುತ್ತಲೇ ಮನೆಗಳ ಬಾಗಿಲುಗಳು ಧಡಧಡ ಮುಚ್ಚಿಕೊಂಡವು. ಪೊಲೀಸರೆಂದರೆ ಎಷ್ಟು ಮರ್ಯಾದೆ ಎಂದು ನಾನು ಇನ್ನಷ್ಟು ನೆಟ್ಟಗೆ ಕುಳಿತೆ. ನನ್ನ ಬುದ್ಧಿ ಕಾಲಿನಷ್ಟು ಉದ್ದವಿಲ್ಲ.

ಮನೆಯ ಮುಂದೆ ಅಕ್ಕನ ಅತ್ತೆ ಕೈ ಮುಗಿದು, ತಲೆ ತಗ್ಗಿಸಿ ನಿಂತಿದ್ದಳು. "ಮನ್ಯಾಗ ಯಾರೂ ಇಲ್ರಿ, ಸರಕಾರ."

"ಅತ್ತೀ, ನಾನ್ರೀ, ಶರಣಪ್ಪ!"

"ನಮ್ಮವರು ಯಾರೂ ಕುದುರಿ ಮ್ಯಾಲ ಬರಂಗಿಲ್ರಿ," ಎಂದಳು, ತಲೆ ಎತ್ತದೆ.

ನನಗೆ ನಗು ಬಂತು. ಆಗಲೇ ಆಕೆ ನಿಂತ ಜಾಗ ಕಣ್ಣಿಗೆ ಬಿತ್ತು. ಅದು ಜೋಳ ತುಂಬಿಡುವ ನೆಲದೊಳಗಿನ ಹಗೇವಿನ ಬಾಯಿಗಲ್ಲು. ಅಂಚಿಗೆ ಮೆತ್ತಿದ ಮಣ್ಣು ಈಗಷ್ಟೇ ಕಿತ್ತುಬಂದಿತ್ತು. ತಿಂಗಳುಗಟ್ಟಲೆ ಮುಚ್ಚಿಟ್ಟ ಹಗೇವಿನೊಳಗಿನ ಗಾಳಿ ವಿಷ. ಬಾಯಿ ತೆರೆದಿಟ್ಟು, ದೀಪ ಇಳಿಸಿ ನೋಡದೆ ನಮ್ಮ ಕಡೆ ಯಾರೂ ಒಳಗಿಳಿಯುವುದಿಲ್ಲ. ಒಳಗೆ ಅಡಗಿದ ಅಕ್ಕನಿಗೂ ಅದು ಗೊತ್ತಿತ್ತು. ನನ್ನ ಕುದುರೆಯ ಸಪ್ಪಳ ಅದನ್ನೂ ಮರೆಸಿತ್ತು.

"ಕಲ್ಲು ತಗೀರಿ ಅತ್ತೀ, ಅಕ್ಕ ಸಾಯ್ತಾಳ!"

"ಜ್ವಾಳ ಎಲ್ಲಾ ಮುಗದಾವ್ರಿ, ಸರಕಾರ. ಒಳಗ ಏನೂ ಇಲ್ಲ."

ಇಳಿಯಲೇಬೇಕು, ಕಟ್ಟೆ ಇಲ್ಲ. ಕಣ್ಣು ಮುಚ್ಚಿ ಕೈ ಬಿಟ್ಟೆ. ಕೆಸರಿನಲ್ಲಿ ಚೀಲದ ಹಾಗೆ ಬಿದ್ದೆ, ರುಮಾಲು ಉರುಳಿತು. ಮುದುಕಿ ಬಗ್ಗಿ ನೋಡಿದಳು. "ಯವ್ವಾ, ಬಿದ್ದದ್ದು ನೋಡಿದರ ನಮ್ಮ ಶರಣ್ಯಾನೇ ಹೌದು!" ಇಬ್ಬರೂ ಸೇರಿ ಕಲ್ಲು ಸರಿಸಿದೆವು. ಅಕ್ಕ ಬಾಯಿಯ ಹತ್ತಿರದ ಮೆಟ್ಟಿನಲ್ಲೇ ಸಿಕ್ಕಿಕೊಂಡು ಗೋಣು ಚೆಲ್ಲಿದ್ದಳು. ರಟ್ಟೆ ಹಿಡಿದು ಎಳೆದೆವು. ಮೊದಲಿಗೆ ಉಸಿರಿನ ಸುಳಿವೇ ಇರಲಿಲ್ಲ. ನಾನು ಚಿಕ್ಕ ಹುಡುಗನಂತೆ ಅತ್ತುಬಿಟ್ಟೆ. ಕೊನೆಗೆ ಅಕ್ಕ ಕಣ್ಣು ಬಿಟ್ಟು, ನನ್ನತ್ತ ನೋಡದೆ, ಪಿಸುದನಿಯಲ್ಲಿ ಕೇಳಿದಳು: "ಅತ್ತೀ, ಅವರು ಹೋದ್ರೇನ್ರಿ?"

"ಹೋದ್ರವ್ವಾ," ಎಂದಳು ಮುದುಕಿ.

ಆಮೇಲೆ ಪ್ರತಿ ಊರಿನ ಹೊರಗೇ ಕುದುರೆ ಕಟ್ಟಿ ಒಳಗೆ ನಡೆದು ಹೋಗುತ್ತಿದ್ದೆ. "ನಡೆಯೋನಿಗಿ ಕುದುರಿ ಯಾಕ್ರೀ?" ಎಂದರು ಅಮೀನ್ ಸಾಹೇಬರು. ದಳ ಬಹಳ ದಿನ ಉಳಿಯಲಿಲ್ಲ. ಕುದುರೆ ವಾಪಸ್ಸು ಹೋಯಿತು, ಬೂಟು ನನ್ನ ಪಾಲಿಗೆ ಉಳಿಯಿತು. ಅಕ್ಕನ ಮನೆಗೆ ಹೋಗುವಾಗ ಇಂದಿಗೂ ಅದನ್ನು ಅಗಸಿಯಲ್ಲೇ ಬಿಚ್ಚಿ ಕಂಕುಳಲ್ಲಿಟ್ಟುಕೊಳ್ಳುತ್ತೇನೆ. ಬರಿಗಾಲಿನ ಪೊಲೀಸನನ್ನು ಕಂಡ ಹೊಸಬರು, "ಏನರೆ ಹರಕಿ ಅದ ಏನ್ರಿ?" ಎಂದು ಭಕ್ತಿಯಿಂದ ಕೇಳುತ್ತಾರೆ. ಹೌದು ಎನ್ನುತ್ತೇನೆ.